ಮೂರೂವರೆ ರೂಪಾಯಿ ಬಡ್ಡಿಯ ಕಾರ್ಡು

ಮಧುಗಿರಿಯ ಬ್ಯಾಂಕೊಂದರಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬರು ಹಿರಿಯರು. ಹೆಗಲ ಮೇಲೆ ಟವೆಲ್ಲು, ಅಂಗಿಯ ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಕಾಗದದ ಕಟ್ಟು. ಟೈ ಕಟ್ಟಿದ ಹುಡುಗನೊಬ್ಬ ಸಾಲಿನುದ್ದಕ್ಕೂ ಒಬ್ಬೊಬ್ಬರನ್ನೇ ಮಾತಾಡಿಸುತ್ತ ಬಂದ. ಬ್ಯಾಂಕಿನವನಲ್ಲ, ಯಾವುದೋ ಏಜೆನ್ಸಿಯವನು.

“ಯಜಮಾನ್ರೇ, ಕ್ರೆಡಿಟ್ ಕಾರ್ಡ್ ಇದೆಯಾ?”

“ಇಲ್ದೇ ಏನಪ್ಪ, ಐತೆ.”

ಹುಡುಗ ಬೆರಗಾದ. “ಯಾವ ಬ್ಯಾಂಕಿಂದು? ಲಿಮಿಟ್ ಎಷ್ಟು?”

“ಇದೇ ಬ್ಯಾಂಕಿಂದು. ಎರಡೂವರೆ ಎಕರೆ ಕಡ್ಲೆಕಾಯಿಗೆ ಎಷ್ಟು ಕೊಡ್ತಾರೋ ಅಷ್ಟು.”

ಹುಡುಗ ನಕ್ಕು ಮುಂದೆ ಹೋದ. ಹಿರಿಯರು ನನ್ನ ಕಡೆ ತಿರುಗಿ, “ಇವನ್ಯಾಕಪ್ಪ ನಗ್ತಾನೆ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರ ಬಳಿ ಇದ್ದದ್ದು ಕಿಸಾನ್ ಕ್ರೆಡಿಟ್ ಕಾರ್ಡು. ಆರ್.ವಿ. ಗುಪ್ತಾ ಸಮಿತಿಯ ಶಿಫಾರಸಿನ ಮೇಲೆ 1998ರಲ್ಲಿ ಶುರುವಾದ ಯೋಜನೆ ಅದು. ಹೆಸರಿನಲ್ಲೇ ಕ್ರೆಡಿಟ್ ಕಾರ್ಡು ಎಂದಿದೆ. ನಮ್ಮ ಕಡೆಯ ಹಳ್ಳಿಗಳಿಗೆ ಮೊದಲು ಕಾಲಿಟ್ಟ ಕ್ರೆಡಿಟ್ ಕಾರ್ಡು ಯಾವುದು ಎಂದರೆ ಅದೇ. ಆ ಹುಡುಗ ಮಾರಲು ಬಂದಿದ್ದ ಬಣ್ಣದ ಕಾರ್ಡು ಎಷ್ಟೋ ವರ್ಷ ತಡವಾಗಿ ಬಂದದ್ದು.

ಹೆಸರು ಒಂದೇ, ಕಾರ್ಡು ಎರಡು. ಒಂದಕ್ಕೆ ಮಳೆ ಬೆಳೆ ಗೊತ್ತು. ಇನ್ನೊಂದಕ್ಕೆ ತಿಂಗಳ ತಾರೀಕು ಬಿಟ್ಟು ಬೇರೇನೂ ಗೊತ್ತಿಲ್ಲ. ಈ ವ್ಯತ್ಯಾಸ ತಿಳಿಯದೆ ಎರಡನೆಯದನ್ನು ಮೊದಲನೆಯದರಂತೆ ಬಳಸಿದವರು ಕೆಟ್ಟದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯೇ, ಶಾಲೆಗಳ ಲೆಕ್ಕದಲ್ಲಿ ಮಾತ್ರ ಬೇರೆ. ನಮ್ಮ ಕಡೆ ತಿಂಗಳಾಗುತ್ತಿದ್ದಂತೆ ಖಾತೆಗೆ ದುಡ್ಡು ಬೀಳುವವರು ಎಂದರೆ ಮೇಷ್ಟ್ರುಗಳು, ಆಸ್ಪತ್ರೆಯವರು, ಕೆಎಸ್‌ಆರ್‌ಟಿಸಿಯವರು, ಪೊಲೀಸರು, ಇತ್ತೀಚೆಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು. ಉಳಿದವರಿಗೆಲ್ಲ ವರ್ಷಕ್ಕೊಮ್ಮೆಯೋ ಎರಡು ಸಲವೋ ದುಡ್ಡಿನ ಮುಖ ಕಾಣುವುದು. ಮುಂಗಾರಿಗೆ ಬಿತ್ತಿದ ಕಡ್ಲೆಕಾಯಿ ಕಿತ್ತು, ಬಡಿದು, ಒಣಗಿಸಿ ಮಂಡಿಗೆ ಹಾಕುವ ಹೊತ್ತಿಗೆ ದೀಪಾವಳಿ ಹತ್ತಿರವಾಗಿರುತ್ತದೆ. ಹುಣಸೆ ಹಣ್ಣಿನ ದುಡ್ಡು ಬೇಸಿಗೆಯ ಬಾಗಿಲಲ್ಲಿ. ಪಾವಗಡದ ತಿರುಮಣಿ ಸುತ್ತಿನಲ್ಲಿ ಸೋಲಾರ್ ಪಾರ್ಕಿಗೆ ಭೂಮಿ ಕೊಟ್ಟವರಿಗೂ ಅಷ್ಟೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಉತ್ಪಾದಿಸುವ ಆ ಪಾರ್ಕಿಗೆ ಜಮೀನು ಹೋದದ್ದು ಮಾರಾಟವಾಗಿ ಅಲ್ಲ, ಗುತ್ತಿಗೆಯಾಗಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಬೆಳೆ ಹೋಗಿ ಬಾಡಿಗೆ ಬಂತು, ಆದರೆ ದುಡ್ಡಿನ ಲಯ ವರ್ಷದ್ದಾಗಿಯೇ ಉಳಿಯಿತು.

ಕಿಸಾನ್ ಕಾರ್ಡು ಈ ಲಯಕ್ಕೆ ಹೊಂದಿಕೊಂಡೇ ಹುಟ್ಟಿದೆ. ಬಿತ್ತುವಾಗ ಕೊಟ್ಟು ಬೆಳೆ ಬಂದಾಗ ಕಟ್ಟಿಸಿಕೊಳ್ಳುತ್ತದೆ. 3 ಲಕ್ಷದವರೆಗಿನ ಸಾಲಕ್ಕೆ ಶೇ 7 ಬಡ್ಡಿ, ಹೇಳಿದ ದಿನಕ್ಕೆ ಕಟ್ಟಿದವರಿಗೆ ಶೇ 4. ಅದೇ ಬೆಳೆಸಾಲವನ್ನು ಊರಿನ ಸೊಸೈಟಿಯಲ್ಲಿ ತೆಗೆದರೆ ಸಕಾಲಕ್ಕೆ ಕಟ್ಟಿದವರಿಗೆ ಬಡ್ಡಿಯೇ ಇಲ್ಲ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಈ ಬಡ್ಡಿರಹಿತ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಅದೇ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂಬ ಘೋಷಣೆಯಾಯಿತು. ಹಾಗಾದಾಗ, ಬೆಳೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಾಳಾಗಿದ್ದರೆ, ಬೆಳೆಸಾಲದ ಕಂತನ್ನು ಮುಂದಕ್ಕೆ ಹಾಕಿ ಹೊಸದಾಗಿ ಬರೆದುಕೊಳ್ಳಲು ಬ್ಯಾಂಕುಗಳಿಗೆ ದಾರಿ ಇದೆ. ಅಲ್ಪಾವಧಿ ಬೆಳೆಯ ಸಾಲ ಎರಡು ಬೆಳೆ ಹಂಗಾಮು ಬಾಕಿ ಉಳಿದರೆ ಮಾತ್ರ ಸುಸ್ತಿಯ ಪಟ್ಟಿಗೆ, ಬ್ಯಾಂಕಿನವರ ಬಾಯಲ್ಲಿ ಹೇಳುವುದಾದರೆ ಎನ್‌ಪಿಎಗೆ, ಹೋಗುತ್ತದೆ. ಬಣ್ಣದ ಕಾರ್ಡು 90 ದಿನಕ್ಕೇ ಹೋಗುತ್ತದೆ. 90 ದಿನದಲ್ಲಿ ಕಡ್ಲೆಕಾಯಿ ಇನ್ನೂ ನೆಲದಲ್ಲೇ ಇರುತ್ತದೆ.

ಕಿಸಾನ್ ಕಾರ್ಡೇನೂ ಸಾಚಾ ಅಲ್ಲ, ಅದಕ್ಕೂ ತನ್ನದೇ ನಾಟಕವಿದೆ. ವರ್ಷಕ್ಕೊಮ್ಮೆ ಅಸಲು ಬಡ್ಡಿ ಎಲ್ಲ ಕಟ್ಟಿ ಮತ್ತೆ ತೆಗೆಯಬೇಕು. ಕೈಯಲ್ಲಿ ದುಡ್ಡಿಲ್ಲದವರು ಒಂದೆರಡು ದಿನದ ಮಟ್ಟಿಗೆ ಯಾರ ಹತ್ತಿರವೋ ತಂದು, ಬೆಳಿಗ್ಗೆ ಕಟ್ಟಿ, ಸಾಲ ಹೊಸದಾದ ಮೇಲೆ ತೆಗೆದು ಅವರಿಗೆ ಒಪ್ಪಿಸಿ, ಆ ಎರಡು ದಿನಕ್ಕೆ ಬಾಯಿಗೆ ಬಂದಷ್ಟು ಕಮಿಷನ್ ತೆತ್ತು ಮನೆಗೆ ಬರುತ್ತಾರೆ. ಬ್ಯಾಂಕಿನ ಲೆಕ್ಕದಲ್ಲಿ ಅವರು ಸಕಾಲಕ್ಕೆ ಕಟ್ಟಿದ ಮಾದರಿ ರೈತರು.

ಊರೂರಿನ ಸೊಸೈಟಿಯ ಬೋರ್ಡುಗಳ ಮೇಲೆ ‘ಪತ್ತಿನ ಸಹಕಾರ ಸಂಘ’ ಎಂದು ಬರೆದಿರುತ್ತದೆ. ನಾನು ಚಿಕ್ಕವನಿದ್ದಾಗ ಈ ‘ಪತ್ತು’ ಎಂದರೆ ಅಕ್ಕಿ, ಸಕ್ಕರೆಯಂಥದ್ದೇನೋ, ಅದನ್ನು ಅಲ್ಲಿ ಕೊಡುತ್ತಾರೆ ಎಂದುಕೊಂಡಿದ್ದೆ. ಪತ್ತು ಎಂದರೆ ನಂಬಿಕೆ, ಮಾರುಕಟ್ಟೆಯಲ್ಲಿ ಒಬ್ಬನ ಮಾತಿಗೆ ಇರುವ ಬೆಲೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ, ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಂಘ ನಿಂತದ್ದು ಈ ಮಾತಿನ ಮೇಲೆ. ಇಂಗ್ಲಿಷಿನ ಕ್ರೆಡಿಟ್ಟಿಗೆ ನಮ್ಮಲ್ಲಿ ಇಷ್ಟು ಒಳ್ಳೆಯ ಪದ ಇದ್ದೂ ಅದು ಬೋರ್ಡಿನಿಂದ ಕೆಳಗಿಳಿಯಲಿಲ್ಲ. ಪಾವಗಡದ ಕಡೆ ಹೋದರೆ ಮಾತೇ ಬೇರೆ. ಮೂರು ದಿಕ್ಕಿಗೆ ಆಂಧ್ರ, ಮನೆ ಮನೆಯಲ್ಲೂ ತೆಲುಗು. ಅಲ್ಲಿ ಸಾಲಕ್ಕೆ ‘ಅಪ್ಪು’ ಎನ್ನುತ್ತಾರೆ. ಕನ್ನಡದಲ್ಲಿ ಅಪ್ಪು ಎಂದರೆ ತಬ್ಬಿಕೊಳ್ಳುವುದು. ಒಂದು ಸಲ ತಬ್ಬಿಕೊಂಡರೆ ಬಿಡದು ಎಂಬುದರಲ್ಲಿ ಎರಡೂ ಭಾಷೆಗೆ ಒಮ್ಮತ.

ಬಡ್ಡಿಯ ವಿಚಾರಕ್ಕೆ ಬಂದರೆ ನಮ್ಮ ಜನರಿಗೆ ಪಾಠ ಹೇಳುವ ಅಗತ್ಯವಿಲ್ಲ. ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದು ಏಳನೇ ಕ್ಲಾಸು ಓದದವರಿಗೂ ಗೊತ್ತು. ಒಂದೂವರೆ ರೂಪಾಯಿ ಎಂದರೆ ಬಂಧುತ್ವ, ಎರಡು ಎಂದರೆ ವ್ಯವಹಾರ, ಮೂರು ಎಂದರೆ ಗತಿಯಿಲ್ಲದವನು ತಗೊಳ್ಳುವುದು, ಐದು ಎಂದರೆ ‘ಅವನ ಹತ್ರ ಹೋಗ್ಬೇಡ ಕಣೋ’. ಹತ್ತು ಎಂದರೆ ಮೀಟರ್ ಬಡ್ಡಿ. ಇಷ್ಟು ಚೆಂದದ ಅಳತೆಗೋಲು ಕೈಯಲ್ಲಿರುವವರ ಮುಂದೆ ಕಾರ್ಡಿನವರು ‘ವಾರ್ಷಿಕ ಶೇ 42’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ವರ್ಷದ ಶೇಕಡಾವಾರು ನಮ್ಮವರ ಕಿವಿಗೆ ತಾಗುವುದೇ ಇಲ್ಲ. ಅದನ್ನು ಹನ್ನೆರಡರಿಂದ ಭಾಗಿಸಿ ನೋಡಿ: ಮೂರೂವರೆ ರೂಪಾಯಿ ಬಡ್ಡಿ. ಕೆಲವು ಕಾರ್ಡುಗಳಲ್ಲಿ ಮೂರೂಮುಕ್ಕಾಲು. ಆ ಬಡ್ಡಿಯ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಒಟ್ಟಿಗೆ ಲೆಕ್ಕ ಹಾಕಿದರೆ ನಾಲ್ಕು ರೂಪಾಯಿ ಹದಿಮೂರು ಪೈಸೆ. ಶಿರಾ ಸಂತೆಯಲ್ಲಿ ನಿಂತು ನಾಲ್ಕು ರೂಪಾಯಿ ಬಡ್ಡಿಗೆ ಕೊಡ್ತೀನಿ ಅಂದವನನ್ನು ಜನ ಹೇಗೆ ನೋಡುತ್ತಾರೋ, ಆ ಕಾರ್ಡನ್ನೂ ಹಾಗೇ ನೋಡಬೇಕಾದದ್ದು. ನೋಡುವುದಿಲ್ಲ. ಯಾಕೆಂದರೆ ಅದು ಟೈ ಕಟ್ಟಿಕೊಂಡು ಬರುತ್ತದೆ.

ಇದಕ್ಕೆ ಮಿತಿ ಇರಲಿಲ್ಲವೇ ಎಂದರೆ, ಇತ್ತು, ಹೋಯಿತು. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕ್ರೆಡಿಟ್ ಕಾರ್ಡಿನ ಮೇಲೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯವಹಾರ ಎಂದಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಎರಡೂವರೆ ರೂಪಾಯಿಗೆ ಹಾಕಿದ್ದ ಗೆರೆ ಅಳಿಸಿಹೋಯಿತು.

ಹಾಗೆಂದು ಕಾರ್ಡು ಕೆಟ್ಟದ್ದೆಂದು ತೀರ್ಪು ಕೊಟ್ಟರೆ ಅದೂ ತಪ್ಪಾಗುತ್ತದೆ. ಬಿಲ್ಲಿನ ಪೂರ್ತಿ ದುಡ್ಡನ್ನು ಕೊನೆಯ ದಿನದೊಳಗೆ ಕಟ್ಟಿದವನಿಗೆ ಅದರ ಬಡ್ಡಿ ಸೊನ್ನೆ. ಸೊಸೈಟಿಯಂತೆ ಇದೂ ಬಡ್ಡಿ ಇಲ್ಲದೆ ಸಾಲ ಕೊಡುತ್ತದೆ. ಪ್ರತಿ ತಿಂಗಳು 10ಕ್ಕೆ ಬಿಲ್ಲು, 30ಕ್ಕೆ ಗಡುವು ಎಂದಿಟ್ಟುಕೊಳ್ಳಿ. 11ನೇ ತಾರೀಕು ಕೊಂಡದ್ದಕ್ಕೆ ಮುಂದಿನ ತಿಂಗಳ 30ರವರೆಗೆ, ಅಂದರೆ ಸುಮಾರು ಐವತ್ತು ದಿನ ಸಿಗುತ್ತದೆ. 9ನೇ ತಾರೀಕು ಕೊಂಡಿದ್ದರೆ ಇಪ್ಪತ್ತೊಂದೇ ದಿನ. ಕೊರಟಗೆರೆಯ ನನ್ನ ಗೆಳೆಯರೊಬ್ಬರು, ಹೈಸ್ಕೂಲು ಗಣಿತದ ಮೇಷ್ಟ್ರು, ಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಜತೆಗೆ ಬಿಲ್ಲಿನ ದಿನಕ್ಕೂ ಸುತ್ತು ಹಾಕಿಟ್ಟಿದ್ದಾರೆ. ಫ್ರಿಜ್ಜು ಬೇಕಾದರೆ ಬಿಲ್ಲಾದ ಮಾರನೆಯ ದಿನ ತುಮಕೂರಿಗೆ ಹೋಗುತ್ತಾರೆ. ಗಡುವಿಗೆ ಖಾತೆಯಿಂದ ಪೂರ್ತಿ ಮೊತ್ತ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟಿದ್ದಾರೆ. “ಬ್ಯಾಂಕಿನ ದುಡ್ಡು ಐವತ್ತು ದಿನ ನನ್ನ ಹತ್ರ ಪುಕ್ಕಟೆ ಇರುತ್ತೆ ಮಾರಾಯ” ಎಂದು ಖುಷಿಪಡುತ್ತಾರೆ. ಬ್ಯಾಂಕಿಗೆ ಇಂಥ ಗಿರಾಕಿಯ ಬಡ್ಡಿಯಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಅವರ ಮನೆಯ ಫ್ರಿಜ್ಜಿನ ಖರ್ಚನ್ನು ಭರಿಸುವವನು ಬೇರೆಯವನು. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ನೋಡಿ ನಿಟ್ಟುಸಿರು ಬಿಟ್ಟವನು ಅವನು.

ಆ ಮಿನಿಮಮ್ಮನ್ನು ಒಂದಿಷ್ಟು ಬಿಡಿಸಿ ನೋಡೋಣ. ಬಿಲ್ಲು 40,000. ಕನಿಷ್ಠ ಕಟ್ಟಬೇಕಾದದ್ದು ಶೇ 5, ಅಂದರೆ 2,000. ಕಟ್ಟಿದಿರಿ. ಉಳಿದ 38,000ಕ್ಕೆ ಮೂರೂವರೆ ರೂಪಾಯಿಯಂತೆ ತಿಂಗಳ ಬಡ್ಡಿ 1,330, ಜಿಎಸ್‌ಟಿ 239. ಹೊಸದಾಗಿ ಒಂದು ರೂಪಾಯಿ ಖರ್ಚು ಮಾಡದಿದ್ದರೂ ಮುಂದಿನ ಬಿಲ್ಲು 39,569. ಎರಡು ಸಾವಿರ ಕಟ್ಟಿದ್ದಕ್ಕೆ ಸಾಲ ಇಳಿದದ್ದು 431 ರೂಪಾಯಿ. ಹೀಗೇ ಪ್ರತಿ ತಿಂಗಳು ಶೇ 5 ಕಟ್ಟುತ್ತಾ ಹೋದರೆ ಸಾಲ ಅರ್ಧಕ್ಕೆ, ಅಂದರೆ 20,000ಕ್ಕೆ, ಇಳಿಯಲು 64 ತಿಂಗಳು ಬೇಕು. ಆ ಹೊತ್ತಿಗೆ ನೀವು ಕಟ್ಟಿದ ಒಟ್ಟು ದುಡ್ಡು ಸುಮಾರು 93,000. ನಲವತ್ತು ಸಾವಿರದ ಸಾಲಕ್ಕೆ ತೊಂಬತ್ತಮೂರು ಸಾವಿರ ಕಟ್ಟಿ, ಇನ್ನೂ ಇಪ್ಪತ್ತು ಸಾವಿರ ಬಾಕಿ. ಬಾಕಿ ಇರುವಷ್ಟೂ ದಿನ ಹೊಸದಾಗಿ ಕೊಂಡ ಉಪ್ಪು ಬೆಲ್ಲಕ್ಕೂ ಆ ಐವತ್ತು ದಿನದ ಬಿಡುವು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಎಟಿಎಮ್ಮಿನಲ್ಲಿ ಕಾರ್ಡು ಹಾಕಿ ನೋಟು ತೆಗೆದರಂತೂ ಬಿಡುವು ಎಂಬುದು ಮೊದಲಿಂದಲೇ ಇಲ್ಲ, ಮೇಲೊಂದು ಶುಲ್ಕ. ಇದಕ್ಕೆ ಹೆದರಿದವರು ಅಂಗಡಿಯ ಮಷಿನ್ನಿನಲ್ಲಿ ಕಾರ್ಡು ‘ಉಜ್ಜಿಸಿ’ ಕ್ಯಾಶು ತಗೊಳ್ಳುತ್ತಾರೆ. ಅಂಗಡಿಯವನು ನೂರಕ್ಕೆ ಎರಡೋ ಮೂರೋ ಹಿಡಿದುಕೊಳ್ಳುತ್ತಾನೆ. ಕೊಳ್ಳದ ಸಾಮಾನಿಗೆ ಬಿಲ್ಲು ಹುಟ್ಟುವ ಈ ವ್ಯವಹಾರ ಗೊತ್ತಾದರೆ ಬ್ಯಾಂಕು ಕಾರ್ಡನ್ನೇ ಕಿತ್ತುಕೊಳ್ಳಬಹುದು.

ಈ ಸುಳಿಯಲ್ಲಿ ನಮ್ಮ ಕಡೆ ಮೊದಲು ಸಿಕ್ಕಿದವರು ಖಾಯಂ ಮೇಷ್ಟ್ರುಗಳಲ್ಲ, ಅತಿಥಿ ಶಿಕ್ಷಕರು ಎಂಬುದು ನನ್ನ ಅನಿಸಿಕೆ. ಹೆಸರಿನಲ್ಲಿ ಸಂಬಳದವರು, ಗೌರವಧನ ಬರುವುದು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ. ಅವರ ದುಡ್ಡೂ ಕಡ್ಲೆಕಾಯಿಯ ಹಾಗೆ ಹಂಗಾಮಿನದ್ದು. ಕಾರ್ಡು ಕೊಡುವವನಿಗೆ ಮಾತ್ರ ಅವರು ‘ಸ್ಯಾಲರೀಡ್’. ಖಾಸಗಿ ಫೈನಾನ್ಸಿನಲ್ಲಿ, ಟೆಂಪೊ ಲೈನಿನಲ್ಲಿ, ಗುತ್ತಿಗೆ ನೌಕರಿಯಲ್ಲಿ ಇರುವವರ ಕಥೆಯೂ ಇದೇ. ಬರುವ ದುಡ್ಡಿಗೆ ತಾರೀಕಿಲ್ಲ, ಹೋಗುವ ದುಡ್ಡಿಗೆ ಮಾತ್ರ ತಾರೀಕು.

ನಮ್ಮೂರಿನ ದೊಡ್ಡ ಅಪಾಯ ಮಾತ್ರ ಇದಲ್ಲ, ದಾಕ್ಷಿಣ್ಯ. ಹಿಂದೆ ಅದು ಜಾಮೀನಿನ ರೂಪದಲ್ಲಿತ್ತು. “ಒಂದು ಸೈನು ತಾನೇ, ಹಾಕಣ್ಣ” ಎಂದು ಟೀ ಕುಡಿಸಿ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಮಾಡಿಸಿಕೊಳ್ಳುವುದು. ಸಾಲಗಾರ ಊರು ಬಿಟ್ಟ ಮೇಲೆ ನೋಟೀಸು ಜಾಮೀನುದಾರನ ಮನೆಗೆ. ಆ ಸಾಲ ಜಾಮೀನುದಾರನ ಸಾಲದ ಚರಿತ್ರೆಯಲ್ಲೂ, ಅಂದರೆ ಸಿಬಿಲ್ ವರದಿಯಲ್ಲೂ, ಕೂತಿರುತ್ತದೆ ಎಂಬುದು ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಜಾಮೀನಿನ ಜಾಗಕ್ಕೆ ಕಾರ್ಡು ಬಂದಿದೆ. ಊರಲ್ಲಿ ಕಾರ್ಡು ಇರುವವನು ಒಬ್ಬನೇ ಆದರೆ ಅವನು ಇಡೀ ಬೀದಿಗೆ ಬ್ಯಾಂಕು. “ಮಾಮ, ನಿನ್ ಕಾರ್ಡಲ್ಲಿ ಒಂದು ಫೋನ್ ತಗೊಡು, ತಿಂಗ್ಳಾ ತಿಂಗ್ಳಾ ಎರಡು ಸಾವ್ರ ಹಾಕ್ತೀನಿ.” ಎರಡು ತಿಂಗಳು ಬರುತ್ತದೆ. ಮೂರನೇ ತಿಂಗಳು ಅಳಿಯ ಫೋನ್ ಎತ್ತುವುದಿಲ್ಲ, ಅದೇ ಹೊಸ ಫೋನು. ಕೇಳಿದರೆ ನೆಂಟಸ್ತನ ಮುರಿಯುತ್ತದೆ, ಕೇಳದಿದ್ದರೆ ಮೂರೂವರೆ ರೂಪಾಯಿ ಓಡುತ್ತದೆ. ನನಗೆ ಗೊತ್ತಿರುವ ಶಿರಾದ ಹುಡುಗನೊಬ್ಬ ಹೀಗೆ ಮೂವರಿಗೆ ಕೊಡಿಸಿ, ಮೂರನೆಯವರ ಬಾಕಿ ತೀರಿಸಲು ಎರಡನೇ ಕಾರ್ಡು ತೆಗೆದುಕೊಂಡ. ಅದನ್ನು ಸಾಲವೆಂದು ಅವನು ಎಣಿಸಿಯೇ ಇರಲಿಲ್ಲ. “ನಾನು ಮಾಡಿದ ಸಾಲ ಅಲ್ವಲ್ಲ ಸಾರ್, ಸಹಾಯ ಮಾಡ್ದೆ” ಎನ್ನುತ್ತಿದ್ದ. ಕಾರ್ಡಿನವರಿಗೆ ಸಹಾಯವೂ ಸಾಲವೂ ಒಂದೇ ಕಾಲಮ್ಮು.

ಶಿರಾದ ಆ ಹುಡುಗ ಫೋನುಗಳನ್ನು ‘ನೋ ಕಾಸ್ಟ್ ಇಎಂಐ’ಯಲ್ಲಿ ಕೊಡಿಸಿದ್ದ ಎಂಬುದು ಬೇರೆ ಮಾತು. ಬಡ್ಡಿ ಇಲ್ಲದ ಕಂತೆಂಬುದು ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಗದರಿತ್ತು. ಬಡ್ಡಿಯಷ್ಟನ್ನು ರಿಯಾಯಿತಿ ಎಂದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಆ ಬಡ್ಡಿಗೂ ಜಿಎಸ್‌ಟಿ ಇದೆ, ಪ್ರೊಸೆಸಿಂಗ್ ಶುಲ್ಕವೂ ಇದೆ. ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀಯ ಎಂದು ಅಂಗಡಿಯವನನ್ನು ಒಂದು ಸಲ ಕೇಳಿದರೆ ‘ನೋ ಕಾಸ್ಟಿ’ನ ಕಾಸ್ಟು ಎಷ್ಟೆಂದು ತಿಳಿಯುತ್ತದೆ.

ಹೆಂಗಸರ ಲೋಕದಲ್ಲಿ ಕಾರ್ಡಿಗಿಂತ ಮೊದಲು ಬಂದದ್ದು ಸಂಘದ ಸಾಲ. ವಾರಕ್ಕೊಂದು ಕಂತು, ಹತ್ತು ಜನರ ಜವಾಬ್ದಾರಿ, ಕಂಪನಿಯ ಕಿರುಸಾಲವಾದರೆ ಬಡ್ಡಿ ಎರಡು ರೂಪಾಯಿಯ ಆಸುಪಾಸು. ಗಡಿಯಾಚೆ 2010ರಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದು ಮೈಕ್ರೊಫೈನಾನ್ಸಿಗೆ ಮೂಗುದಾರ ಹಾಕಿತು. ಕರ್ನಾಟಕ ಅಂಥದ್ದೇ ಕೆಲಸಕ್ಕೆ ಕೈಹಾಕಲು 2025ರ ಫೆಬ್ರುವರಿ ಬರಬೇಕಾಯಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದವರಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಆ ಸುಗ್ರೀವಾಜ್ಞೆ ಹೇಳಿತು, ಆಮೇಲೆ ಅದು ಕಾಯ್ದೆಯೂ ಆಯಿತು. ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕಾರ್ಡು ಮತ್ತಿತರ ಸಾಲದವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಮಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕು ದೂರು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 14448 ಅದರ ದೂರವಾಣಿ. ವಂಚನೆಯಾದರೆ 1930. ‘ನಿಮ್ಮ ಲಿಮಿಟ್ ಹೆಚ್ಚಿಸ್ತೀವಿ, ಬಂದ ನಂಬರ್ ಹೇಳಿ’ ಎಂದು ಕೇಳಿದವನಿಗೆ ಒಟಿಪಿ ಕೊಟ್ಟರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದೇ.

ನಿಯಮಗಳ ಪೈಕಿ ನನಗೆ ಇಷ್ಟವಾದದ್ದು 2022ರ ಜುಲೈ 1ರಿಂದ ಜಾರಿಯಾದ ಒಂದು. ಕಾರ್ಡು ಬೇಡವೆಂದು ಬರೆದುಕೊಟ್ಟರೆ, ಬಾಕಿ ಇಲ್ಲದಿದ್ದಲ್ಲಿ, ಏಳು ಕೆಲಸದ ದಿನದಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಅವರು ನಮಗೆ ಕೊಡಬೇಕು. ಬಡ್ಡಿ ಕಟ್ಟಿ ಕಟ್ಟಿ ಬೇಸತ್ತವರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಇನ್ನು ಸಿಬಿಲ್. ಈ ಪದ ಹಳ್ಳಿಗೆ ಬಂದು ಕನ್ನಡದ್ದೇ ಆಗಿಹೋಗಿದೆ. ‘ಸಿಬಿಲ್ ಹೋಗೈತೆ’, ‘ಸಿಬಿಲ್ ಬಿದ್ದೋಯ್ತು’, ‘ಸಿಬಿಲ್ ಎತ್ತಿಸ್ಬೇಕು’. ಕಣ್ಣಿನ ಪೊರೆಯೋ ಬಿದ್ದ ಗೋಡೆಯೋ ಎಂಬಂತೆ ಮಾತಾಡುತ್ತಾರೆ. 2000ದಲ್ಲಿ ಮುಂಬೈಯಲ್ಲಿ ಹುಟ್ಟಿದ ಈ ಸಂಸ್ಥೆಯ ಜತೆಗೆ ಈಗ ಇನ್ನೂ ಮೂರು ಕಂಪನಿಗಳು ಇದೇ ಕೆಲಸ ಮಾಡುತ್ತವೆ, ಊರವರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ. ಯಾರು ಎಲ್ಲಿ ಎಷ್ಟು ಸಾಲ ಮಾಡಿದರು, ಯಾವ ಕಂತು ಎಷ್ಟು ದಿನ ತಡ, ಇದನ್ನು ಬರೆದಿಟ್ಟು 300ರಿಂದ 900ರೊಳಗೆ ಒಂದು ಅಂಕ ಕೊಡುತ್ತವೆ. 2025ರಿಂದ ಹದಿನೈದು ದಿನಕ್ಕೊಮ್ಮೆ ಹೊಸ ಲೆಕ್ಕ ಕೊಡುವಂತೆ ಸಾಲ ಕೊಟ್ಟವರಿಗೆ ರಿಸರ್ವ್ ಬ್ಯಾಂಕು ಹೇಳಿತ್ತು. ಕಾರ್ಡಿನ ಲಿಮಿಟ್ಟು ಲಕ್ಷವಿದ್ದರೆ ಮೂವತ್ತು ಸಾವಿರದೊಳಗೆ ಬಳಸುವುದು ಕ್ಷೇಮ ಎಂಬ ವಾಡಿಕೆಯ ಮಾತು ಬಂದದ್ದು ಈ ಅಂಕದ ದೆಸೆಯಿಂದ. ಗಂಟಲ ಮಟ್ಟ ಬಳಸುವವನನ್ನು ಅದು ಅನುಮಾನದಿಂದ ನೋಡುತ್ತದೆ.

ಮಂಡಿ ಸಾಹುಕಾರನ ಹತ್ತಿರವೂ ಇಂಥದ್ದೇ ಪುಸ್ತಕವಿತ್ತು. ಯಾರು ಕಡ್ಲೆಕಾಯಿ ಹಾಕಿ ಲೆಕ್ಕ ಚುಕ್ತಾ ಮಾಡುತ್ತಾರೆ, ಯಾರು ಹಿಂದಿನ ಬಾಕಿ ಇಟ್ಟುಕೊಂಡೇ ಮಗಳ ಮದುವೆಗೆ ಬಂದು ನಿಲ್ಲುತ್ತಾರೆ, ಅವನಿಗೆ ಗೊತ್ತಿತ್ತು. ಆ ಪುಸ್ತಕ ನ್ಯಾಯವಾಗಿತ್ತೆಂದು ನಾನು ಹೇಳುವುದಿಲ್ಲ. ತೂಕದಲ್ಲಿ ಹೊಡೆದದ್ದು, ದರದಲ್ಲಿ ಹೊಡೆದದ್ದು ಅದರಲ್ಲಿ ಬರೆದಿರುತ್ತಿರಲಿಲ್ಲ. ಆದರೆ ಸಾಲಗಾರ ಎದುರಿಗೆ ಕೂತು “ಬೆಳೆ ಬರ್ಲಿಲ್ಲಣ್ಣ, ಮಳೆ ಹೋಯ್ತು” ಎಂದರೆ ಸಾಹುಕಾರ ಗೊಣಗಿಕೊಂಡಾದರೂ ಪುಟ ತಿರುವುತ್ತಿದ್ದ. ಮುಂಬೈಯ ಪುಸ್ತಕಕ್ಕೆ ಮಳೆಯ ಕಾಲಮ್ಮಿಲ್ಲ. ಬೆಳೆಸಾಲಕ್ಕೆ ಸಿಬಿಲ್ ನೋಡಬೇಡಿ ಎಂದು ರಾಜ್ಯದ ರೈತ ಸಂಘಟನೆಗಳು ಕೂಗುತ್ತಾ ಬಂದಿರುವುದು ಇದಕ್ಕೇ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಒಂದು ತುದಿಯಲ್ಲಿ ಗೊರವನಹಳ್ಳಿಯ ಮಹಾಲಕ್ಷ್ಮಿ, ಇನ್ನೊಂದು ತುದಿಯಲ್ಲಿ ಪಾವಗಡದ ಶನಿಮಹಾತ್ಮ. ದುಡ್ಡು ಬರಲಿ ಎಂದು ಒಂದು ಕಡೆ, ಬಂದ ಕಷ್ಟ ಹೋಗಲಿ ಎಂದು ಇನ್ನೊಂದು ಕಡೆ ಹೋಗುತ್ತೇವೆ. ಸಾಡೇಸಾತಿ ಶನಿ ಹಿಡಿದರೆ ಏಳೂವರೆ ವರ್ಷ ಎನ್ನುತ್ತಾರೆ. ಸಿಬಿಲ್ಲಿನಂಥ ಕಂಪನಿಗಳು ನಮ್ಮ ಸಾಲದ ಚರಿತ್ರೆಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಎಂಬುದು ನಿಯಮ. ಶನಿಗಾದರೆ ಎಳ್ಳೆಣ್ಣೆ ದೀಪ ಇದೆ. ಇದಕ್ಕೆ ‘ಸಿಬಿಲ್ ಸರಿ ಮಾಡಿಕೊಡ್ತೀವಿ’ ಎಂದು ಐದು ಸಾವಿರ ಕೇಳುವವರು ಬಸ್‌ಸ್ಟ್ಯಾಂಡಿನ ಗೋಡೆಗೆ ಚೀಟಿ ಅಂಟಿಸಿದ್ದಾರೆ. ಅವರು ಮಾಡುವುದು ನೀವೇ ಪುಕ್ಕಟೆ ಮಾಡಬಹುದಾದ ಕೆಲಸ, ಇಲ್ಲವೇ ಯಾರೂ ಮಾಡಲಾಗದ ಕೆಲಸ. ನಿಜವಾಗಿ ತಪ್ಪಿದ ಕಂತನ್ನು ಯಾರೂ ಅಳಿಸಲಾರರು. ‘ಅರ್ಧ ಕಟ್ಟಿ, ಸೆಟ್ಲ್ ಮಾಡ್ತೀವಿ’ ಎಂದು ವಸೂಲಿಯವರು ಕರೆದಾಗ ಖುಷಿಯಿಂದ ಹೋಗಿ ಕಟ್ಟಿದರೆ, ವರದಿಯಲ್ಲಿ ‘ಸೆಟಲ್ಡ್’ ಎಂಬ ಪದ ಬೀಳುತ್ತದೆ. ಸಾಲ ಕೊಡುವವನ ಕಣ್ಣಿಗೆ ಅದು ‘ಕ್ಲೋಸ್ಡ್’ ಅಲ್ಲ, ಪೂರ್ತಿ ಕಟ್ಟದೆ ಹೋದವನ ಗುರುತು. ಬೇರೆ ದಾರಿಯೇ ಇಲ್ಲದವರು ಒಪ್ಪಿಕೊಳ್ಳಲಿ, ಆದರೆ ಆ ಪದದ ಬೆಲೆ ಗೊತ್ತಿದ್ದು ಒಪ್ಪಿಕೊಳ್ಳಲಿ.

ಸಾಲವನ್ನೇ ಮಾಡದವರದು ಇನ್ನೊಂದು ಪಾಡು. ಅವರಿಗೆ ಅಂಕವೇ ಇರುವುದಿಲ್ಲ. ಜೀವಮಾನವಿಡೀ ಯಾರ ಹತ್ತಿರವೂ ಕೈಚಾಚದ ಮನುಷ್ಯನಿಗೆ ‘ನಿಮಗೆ ಹಿಸ್ಟರಿ ಇಲ್ಲ’ ಎಂದು ಹೇಳುವ ಮೇಜನ್ನು ನಾನು ಕಂಡಿದ್ದೇನೆ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಇದೊಂದೇ ಕಾರಣಕ್ಕೆ ತಳ್ಳಬಾರದು ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಹೇಳಿರುವುದು ಆ ಮೇಜಿನವರೆಗೂ ತಲುಪಬೇಕಷ್ಟೆ.

ಹೋದ ವರ್ಷ ಪಾವಗಡ ತಾಲ್ಲೂಕಿನ ನಮ್ಮ ಚಿಕ್ಕಮ್ಮನಿಗೆ ಇದಕ್ಕಿಂತ ಬೇರೆಯದೇ ಆಯಿತು. ಬಟ್ಟೆ ಹೊಲಿಯುತ್ತಾರೆ, ಮೋಟರಿನ ಮಷಿನ್ನಿಗೆ ಸಾಲ ಕೇಳಲು ಹೋಗಿದ್ದರು. ‘ಸಿಬಿಲ್ ಹೋಗಿದೆ’ ಎಂದು ಕಳಿಸಿದರು. ಮನೆಗೆ ಬಂದು ಒಲೆ ಹಚ್ಚದೆ ಕೂತಿದ್ದರಂತೆ. “ನಾನು ಯಾರ ಕಂತು ಇಟ್ಕೊಂಡಿದ್ದೀನಪ್ಪ?” ಎಂದು ಫೋನಿನಲ್ಲಿ ಅತ್ತರು. ಸಾಲದ ವಿಷಯದಲ್ಲಿ ಸರ್ವಜ್ಞನ ವಚನ ಬಾಯಿಪಾಠ ಬರುವ ಹೆಂಗಸು ಆಕೆ.

ಶನಿವಾರ ಹೋದೆ. ವರ್ಷಕ್ಕೊಂದು ಪೂರ್ತಿ ವರದಿಯನ್ನು ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು. 2017ರಿಂದ ಹಾಗಿದೆ. ಫೋನಿನಲ್ಲೇ ತೆಗೆದೆವು. ಪೂರ್ತಿ ಇಂಗ್ಲಿಷಿನಲ್ಲಿತ್ತು, ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರನೇ ಪುಟದಲ್ಲಿ ಸಿಕ್ಕಿತು. ಚಿಕ್ಕಪ್ಪ ಇದ್ದಾಗ ಚಿಕ್ಕಮ್ಮನ ಹೆಸರಿನಲ್ಲಿ ತೆಗೆದಿದ್ದ ಟಿವಿಎಸ್ ಗಾಡಿಯ ಸಾಲ. ಕಟ್ಟಿ ಮುಗಿದು ಎಷ್ಟೋ ವರ್ಷವಾಗಿತ್ತು. ವರದಿಯಲ್ಲಿ ಮಾತ್ರ ನಾನೂರು ಚಿಲ್ಲರೆ ಬಾಕಿ ಉಳಿದು, ತಿಂಗಳು ತಿಂಗಳೂ ಸುಸ್ತಿ ಎಂದು ಬರೆದುಕೊಂಡು ಬಂದಿದ್ದರು. ಚಿಕ್ಕಮ್ಮ ಎದ್ದು ಹೋಗಿ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದರು. ಒಳಗೆ ಅಷ್ಟೂ ಕಂತಿನ ರಸೀದಿ, ಕೊನೆಗೆ ಸೀಲು ಹಾಕಿದ ನೋ ಡ್ಯೂ ಸರ್ಟಿಫಿಕೇಟು, ಜತೆಗೆ ಗಾಡಿಯ ಹಳೆಯ ಕೀಲಿಕೈ. ಎಲ್ಲದರ ಫೋಟೊ ತೆಗೆದು ತಕರಾರು ಹಾಕಿದೆವು. ಮೂವತ್ತು ದಿನದೊಳಗೆ ಸರಿಪಡಿಸಬೇಕು, ಇಲ್ಲದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಎಂದು ನಿಯಮ ಓದಿ ಹೇಳಿದೆ. ಚಿಕ್ಕಮ್ಮನಿಗೆ ನೂರು ರೂಪಾಯಿಯಲ್ಲಿ ಆಸಕ್ತಿ ಇರಲಿಲ್ಲ. “ಇನ್ನೇನು ಬರ್ದವ್ರೆ ಓದು, ಪೂರ್ತಿ ಓದು” ಎಂದರು.

ಮೊದಲನೇ ಪುಟಕ್ಕೆ ವಾಪಸು ಬಂದೆ. ಹೆಸರು, ಹುಟ್ಟಿದ ದಿನ, ಆಮೇಲೆ ವಿಳಾಸ. ಸಾಲ ಕೊಟ್ಟ ಒಬ್ಬೊಬ್ಬರೂ ಒಂದೊಂದು ಥರ ಬರೆದಿದ್ದರಿಂದ ಅವರ ಊರಿನ ಹೆಸರು ಮೂರು ಕಡೆ ಮೂರು ಸ್ಪೆಲ್ಲಿಂಗಿನಲ್ಲಿತ್ತು. ಒಂದರಲ್ಲಂತೂ ಓದಿದರೆ ಬೇರೆಯದೇ ಅರ್ಥ ಬರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೇ ಗಟ್ಟಿಯಾಗಿ ಓದಿದೆ. ಬೆಳಗಿನಿಂದ ಮುಖ ಗಂಟಿಕ್ಕಿಕೊಂಡಿದ್ದ ಚಿಕ್ಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

“ಬಾಕಿದು ಆಮ್ಯಾಕೆ ನೋಡ್ಕಳ್ಳಿ. ಮೊದ್ಲು ನಮ್ಮೂರ ಹೆಸ್ರು ನೆಟ್ಟಗೆ ಬರಿಯಾಕೆ ಹೇಳು ಅವ್ರಿಗೆ.”